"ಶಾಂತವಾಗಿ ಮಲಗಿದ್ದಾರೆ" ಅಂದ್ರೆ ಏನರ್ಥ?

ಮೊದಲೇ ಹೇಳಿಬಿಡ್ತೀನಿ, ಅಪ್ಪ ಈಗ ಚೆನ್ನಾಗಿದ್ದಾರೆ. ಮನೆಗೆ ಬಂದು ಮೂರು ವಾರ ಆಯ್ತು. ಇಷ್ಟು ದಿನ ಇಲ್ಲಿ ಏನೂ ಬರೆಯದೆ ಇದ್ದಿದ್ದಕ್ಕೆ ಕಾರಣ ಅದೇ. ವಿಚಾರಿಸಿ ಮೇಲ್ ಮಾಡಿದ ಗೆಳೆಯರಿಗೆಲ್ಲ ಥ್ಯಾಂಕ್ಸ್.

ಇವತ್ತು ಬರೀತಾ ಇರೋದು ಅಪ್ಪನ ಆಪರೇಷನ್ ಬಗ್ಗೆ ಅಲ್ಲ. ಆ ದಿನಗಳಲ್ಲಿ ನಾನು ಆಡಿದ ಒಂದೇ ಒಂದು ಪದದ ಬಗ್ಗೆ. ಆ ಪದದಿಂದ ನಮ್ಮಮ್ಮ ಅರ್ಧ ನಿಮಿಷ ವಿಧವೆಯಾಗಿದ್ದಳು. ಇದು ಉತ್ಪ್ರೇಕ್ಷೆ ಅಲ್ಲ, ಹೇಳ್ತೀನಿ ಕೇಳಿ.

ಆಪರೇಷನ್ ಆದ ದಿನ ರಾತ್ರಿ ನಾನು ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅಮ್ಮ ಚಾಮರಾಜಪೇಟೆಯ ಮನೆಯಲ್ಲಿ. ಒಳಗಿಂದ ಬಂದ ನರ್ಸ್ ಕೇರಳದ ಹುಡುಗಿ, ಕನ್ನಡ ಇನ್ನೂ ಕಲೀತಾ ಇದ್ದಳು, ಪಾಪ. ಇಂಗ್ಲಿಷಿನಲ್ಲಿ ಹೇಳಿದಳು: "ಹಿ ಈಸ್ ಸ್ಲೀಪಿಂಗ್ ಕಾಮ್ಲಿ. ಟೆಲ್ ಯುವರ್ ಮದರ್." ನಾನು ತಕ್ಷಣ ಫೋನ್ ಮಾಡಿ ಅಮ್ಮನಿಗೆ ಹೇಳಿದೆ:

"ಅಮ್ಮಾ, ಅಪ್ಪ ಶಾಂತವಾಗಿ ಮಲಗಿದ್ದಾರೆ."

ಆ ಕಡೆ ಮಾತೇ ಇಲ್ಲ. ಲೈನ್ ಕಟ್ಟಾಯ್ತೇನೋ ಅಂದುಕೊಂಡೆ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು: "ಎಷ್ಟು ಹೊತ್ತಿಗೆ ಹೋದರು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥ ಆದಮೇಲೆ ಕೈಕಾಲು ತಣ್ಣಗಾಯ್ತು. "ಅಯ್ಯೋ ಇಲ್ಲಮ್ಮ, ನಿದ್ದೆ ಮಾಡ್ತಿದಾರೆ! ನೋವೇನಿಲ್ಲದೆ ಆರಾಮಾಗಿ ನಿದ್ದೆ ಮಾಡ್ತಿದಾರೆ!" ಅಂತ ಕೂಗಿಕೊಂಡೆ. ಬೆಂಚಿನಲ್ಲಿ ಒರಗಿದ್ದವರೆಲ್ಲ ಎದ್ದು ನೋಡಿದರು. ಅಮ್ಮ ಒಂದು ನಿಮಿಷ ಅತ್ತಳು. ಆಮೇಲೆ ಸಿಟ್ಟಿನಿಂದ, "ಹಾಗಂತ ಹೇಳೋದಕ್ಕೇನೋ ನಿಂಗೆ ದಾಡಿ?" ಅಂದಳು.

ನಿಜ. ನನಗೇನು ದಾಡಿಯಾಗಿತ್ತು?

* * *

ದಾಡಿ ಏನು ಅಂದ್ರೆ ನನ್ನ ಕಸುಬು. ನಾನು ಹೊಟ್ಟೆಪಾಡಿಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡೋನು. ಕತೆ ಕಾದಂಬರಿ ಅಲ್ಲ. ಫೋನಿನ ಆ್ಯಪ್‌ಗಳು, ವಿಮೆಯ ಕರಪತ್ರ, ಲಿಫ್ಟಿನ ಒಳಗೆ ಅಂಟಿಸುವ ಸೂಚನೆ, ಇಂಥವು. ಈ ಕೆಲಸದಲ್ಲಿ ಒಂದು ಪದಪಟ್ಟಿ ಇರುತ್ತೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಅದಕ್ಕೆ ಒಂದೇ ಒಂದು ಕನ್ನಡ ಪದ. ಒಂದು ಸಲ ಪಟ್ಟಿಗೆ ಸೇರಿದ ಮೇಲೆ ಎಲ್ಲ ಕಡೆಯೂ ಅದೇ ಬರಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಕೆಂಪು ಗೆರೆ ಎಳೆಯುತ್ತೆ.

ಅಂಥ ಒಂದು ಪಟ್ಟಿಯನ್ನ ಕೆಲವು ವರ್ಷದ ಹಿಂದೆ ನಾನೇ ತುಂಬಿದ್ದೆ. ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ ತೆಗೆದು ನೋಡಿದೆ. ಕಾಮ್ಲಿ: ಶಾಂತವಾಗಿ. ಪೀಸ್‌ಫುಲಿ: ಶಾಂತವಾಗಿ. ಸೆರೀನ್ಲಿ: ಪ್ರಶಾಂತವಾಗಿ (ಪಾಪ, ಒಂದು 'ಪ್ರ' ಜಾಸ್ತಿ ಸಿಕ್ಕಿದೆ!). ಪ್ಲಾಸಿಡ್ಲಿ: ಶಾಂತವಾಗಿ. ಕಂಪೋಸೆಡ್ಲಿ: ಶಾಂತಚಿತ್ತದಿಂದ. ಕ್ವೈಟ್ಲಿ ಅನ್ನೋದಕ್ಕೂ ಶಾಂತವಾಗಿ!

ಆರು ಪದ, ಉತ್ತರ ಒಂದೇ. ಪರೀಕ್ಷೆಯಲ್ಲಿ ಗೊತ್ತಿಲ್ಲದ ಹುಡುಗ ಎಲ್ಲದಕ್ಕೂ 'ಸಿ' ಅಂತ ಬರೆದು ಬಂದ ಹಾಗೆ :-)

ಈಗ ಫೋನೇ ಅನುವಾದ ಮಾಡುತ್ತೆ. ಅದು ಕಲಿಯೋದು ನಾವು ಬರೆದು ಹಾಕಿದ್ದನ್ನ ನೋಡಿ. ಹಾಗಾಗಿ ನಾನು ತುಂಬಿದ ಆ ಬಲಗಡೆಯ ಪದಗಳು ಎಲ್ಲೆಲ್ಲಿ ಹೋಗಿ ಯಾರ್ಯಾರ ಅಮ್ಮಂದಿರಿಗೆ ಏನೇನು ಹೇಳ್ತಿವೆಯೋ, ಶಿವನೇ ಬಲ್ಲ.

* * *

'ಶಾಂತ' ಕೆಟ್ಟ ಪದ ಅಂತ ನಾನು ಹೇಳ್ತಿಲ್ಲ. ಸಂಸ್ಕೃತದ ಪದ ಅನ್ನೋದೂ ನನ್ನ ತಕರಾರಲ್ಲ. ತಕರಾರು ಏನಪ್ಪಾ ಅಂದ್ರೆ, ಪ್ರತಿಯೊಂದು ಪದಕ್ಕೂ ಒಂದು ವಿಳಾಸ ಇರುತ್ತೆ. ನಮ್ಮ ಮನೆಗಳಲ್ಲಿ 'ಶಾಂತಿ' ಅನ್ನೋ ಪದ ಕೇಳಿಬರೋದು ಎಲ್ಲಿಂದ, ಸ್ವಲ್ಪ ಯೋಚಿಸಿ.

ಒಂದು, ಪುರೋಹಿತರಿಂದ. ಗ್ರಹಶಾಂತಿ, ಉದಕಶಾಂತಿ, ಎಪ್ಪತ್ತಕ್ಕೆ ಭೀಮರಥ ಶಾಂತಿ. ಇಲ್ಲಿ ಶಾಂತಿ ಅಂದ್ರೆ ಏನೋ ಒಂದು ಕಾಟ ಇದೆ, ಅದನ್ನ ತಣಿಸಬೇಕು ಅಂತ.

ಎರಡು, ಪೊಲೀಸರಿಂದ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡು ಊರೆಲ್ಲ ಗಲಾಟೆಯಾದಾಗ, 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಭೆಯಾಗಿ ಬೆಂಗಳೂರಿನ ಎಷ್ಟೋ ಕಡೆ ಕರ್ಫ್ಯೂ ಹಾಕಿದಾಗ, ಟೀವಿಯಲ್ಲಿ ಮತ್ತೆ ಮತ್ತೆ ಬಂದ ಮಾತು 'ಶಾಂತಿ ಕಾಪಾಡಿ'. ಅದನ್ನ ಕೇಳಿದ ತಕ್ಷಣ ನಾವು ಮಾಡೋದೇನು? ಅಂಗಡಿ ಬಾಗಿಲು ಹಾಕ್ತೀವಿ, ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರ್ತೀವಿ.

ಮೂರು, ಸಾವಿನ ಸುದ್ದಿಯಿಂದ. ಮೃತರ ಆತ್ಮಕ್ಕೆ ಶಾಂತಿ ಸಿಗಲಿ. ಚಿರಶಾಂತಿ.

ನಮ್ಮಮ್ಮ ಬೆಳಿಗ್ಗೆ ಕಾಫಿ ಜೊತೆ ಪೇಪರಿನಲ್ಲಿ ಮೊದಲು ಓದೋದೇ ಆ ಪುಟ. ಅಂಥವಳಿಗೆ ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಫೋನ್ ಮಾಡಿ 'ಶಾಂತವಾಗಿ ಮಲಗಿದ್ದಾರೆ' ಅಂದ್ರೆ ಇನ್ನೇನು ಅಂದುಕೊಳ್ಳಬೇಕು? ಅವಳ ಕನ್ನಡ ಸರಿಯಾಗಿಯೇ ಇತ್ತು. ತಪ್ಪಿದ್ದು ನನ್ನ ಕನ್ನಡ.

* * *

ಸರಿ, ಇಂಗ್ಲಿಷಿನ ಪದಗಳಾದರೂ ಏನು ಹೇಳ್ತಾವೆ ಅಂತ ಕುತೂಹಲ ಹುಟ್ಟಿತು. ಆಸ್ಪತ್ರೆಯಲ್ಲಿ ಹೊತ್ತು ಹೋಗಬೇಕಲ್ಲ, ಫೋನಿನಲ್ಲೇ ನಿಘಂಟು ತಿರುವುತ್ತಾ ಕೂತೆ. ಮಜಾ ಇದೆ ನೋಡಿ.

'ಕಾಮ್' ಅನ್ನೋದರ ಬೇರು ಗ್ರೀಕಿನ ಒಂದು ಪದ ಅಂತೆ. ಅದರ ಅರ್ಥ ಉರಿ, ಸುಡುವ ಬಿಸಿಲು! ಉರಿಬಿಸಿಲಿನ ಹೊತ್ತಿನಲ್ಲಿ ಕೆಲಸ ನಿಲ್ಲಿಸಿ ನೆರಳಲ್ಲಿ ಕೂರೋದು, ಗಾಳಿ ನಿಂತು ಸಮುದ್ರ ಅಲುಗಾಡದೆ ಇರೋದು, ಹೀಗೆ ಅರ್ಥ ತಿರುಗಿ ತಿರುಗಿ ಇಲ್ಲಿಗೆ ಬಂದಿದೆ. 'ಸೆರೀನ್' ಅಂದ್ರೆ ಲ್ಯಾಟಿನ್‌ನಲ್ಲಿ ಮೋಡವಿಲ್ಲದ ಆಕಾಶ. 'ಕಂಪೋಸ್ಡ್' ಅಂದ್ರೆ ಚೆದುರಿದ್ದನ್ನ ಒಟ್ಟಿಗೆ ತಂದು ಇಟ್ಟಿದ್ದು. 'ನಾನ್‌ಶಲಂಟ್' ಫ್ರೆಂಚಿನಿಂದ ಬಂದಿದ್ದು, ಅದರ ಬೇರಿನಲ್ಲಿ ಇರೋದು 'ಬಿಸಿಯಾಗದೆ ಇರೋದು'. ಇನ್ನು 'ಫ್ಲೆಗ್ಮ್ಯಾಟಿಕ್' ಅಂತ ಒಂದಿದೆ, ಅದು ನೇರವಾಗಿ ಕಫ! ಮೈಯಲ್ಲಿ ಕಫ ಹೆಚ್ಚಿದ್ದವನು ಯಾವುದಕ್ಕೂ ಜಗ್ಗಲ್ಲ ಅಂತ ಅವರ ಹಳೇ ವೈದ್ಯರ ನಂಬಿಕೆ. ನಮ್ಮ ಆಯುರ್ವೇದದ ಪಂಡಿತರಿಗೆ ಈ ಮಾತು ಹೊಸದಲ್ಲ.

ಅಂದ್ರೆ ಇಂಗ್ಲಿಷಿನಲ್ಲೂ ಅವು ಒಂದೇ ಪದದ ಆರು ವೇಷ ಅಲ್ಲ. ಒಂದರ ಹಿಂದೆ ಬಿಸಿಲಿದೆ, ಇನ್ನೊಂದರ ಹಿಂದೆ ಆಕಾಶ, ಮತ್ತೊಂದರ ಹಿಂದೆ ಕಫ. ಅವೆಲ್ಲವನ್ನೂ ಒಂದೇ ಡಬ್ಬಿಗೆ ಸುರಿದವನು ನಾನು. ಇಂಗ್ಲಿಷಿನ ಮೇಲೆ ಯಾಕೆ ತಪ್ಪು ಹೊರಿಸಬೇಕು?

* * *

ಆಮೇಲೆ ನಮ್ಮವನ್ನ ಲೆಕ್ಕ ಹಾಕೋಕೆ ಶುರು ಮಾಡಿದೆ.

ಸಮಾಧಾನ. ಸಂಸ್ಕೃತದಲ್ಲಿ ಇದರ ಕಟ್ಟಡ ನೋಡಿದರೆ 'ಒಟ್ಟಿಗೆ ತಂದು ಇಡೋದು' ಅಂತ. ಮೇಲೆ ಹೇಳಿದ 'ಕಂಪೋಸ್ಡ್' ಇದೆಯಲ್ಲ, ಅದರ ಅಕ್ಕತಂಗಿ! ಎರಡೂ ಕಡೆ ಜನ ಮನಸ್ಸು ಚೆದುರುತ್ತೆ, ಅದನ್ನ ಕೂಡಿಸಬೇಕು ಅಂತಲೇ ಕಂಡುಕೊಂಡಿದ್ದಾರೆ. ನನ್ನ ಪಟ್ಟಿಯಲ್ಲಿ ಇವೆರಡನ್ನೂ ಪಕ್ಕಪಕ್ಕ ಕೂರಿಸೋದು ಬಿಟ್ಟು 'ಶಾಂತಚಿತ್ತದಿಂದ' ಅಂತ ಬರೆದಿದ್ದೆ.

ನಿಧಾನ. ಸಂಸ್ಕೃತದಲ್ಲಿ ಇದು ಇಡುವ ಜಾಗ, ಕೂಡಿಟ್ಟ ನಿಧಿ. ಕನ್ನಡಕ್ಕೆ ಬಂದು ಅವಸರ ಮಾಡದೆ ಇರೋದು ಅಂತಾಯ್ತು. ರಸ್ತೆ ಬದಿಯಲ್ಲಿ 'ನಿಧಾನವೇ ಪ್ರಧಾನ' ಅಂತ ಬೋರ್ಡೂ ಆಯ್ತು.

ಸಾವಧಾನ. ಇದರ ಕತೆ ಇನ್ನೂ ಚೆನ್ನಾಗಿದೆ. ಮೂಲದಲ್ಲಿ 'ಗಮನ ಇಟ್ಟು' ಅಂತ. ಸ್ಕೂಲಿನ ಡ್ರಿಲ್ ಕ್ಲಾಸಲ್ಲಿ 'ಸಾವಧಾನ್' ಅಂದ್ರೆ ನೆಟ್ಟಗೆ ನಿಲ್ಲಬೇಕು. ಹಿಂದಿ ಬೋರ್ಡಿನಲ್ಲಿ 'ಸಾವಧಾನ್' ಅಂದ್ರೆ ಅಪಾಯ, ಎಚ್ಚರ. ನಮ್ಮ ಕಡೆಯ ಮದುವೆಯಲ್ಲಿ ಪುರೋಹಿತರು 'ಸುಮುಹೂರ್ತೇ ಸಾವಧಾನ' ಅಂದ್ರೆ ಗಳಿಗೆ ಬಂತು, ಗಮನ ಕೊಡಿ ಅಂತ. ಆದರೆ ನಮ್ಮಜ್ಜಿ 'ಸಾವಧಾನವಾಗಿ ತಿನ್ನು' ಅಂದ್ರೆ ಅವಸರವಿಲ್ಲದೆ ತಿನ್ನು ಅಂತ. ಒಂದು ಭಾಷೆಯಲ್ಲಿ ಗಾಬರಿ ಹುಟ್ಟಿಸೋ ಪದ ಇನ್ನೊಂದರಲ್ಲಿ ಗಾಬರಿ ಇಳಿಸುತ್ತೆ. ಗಮನ ಕೊಟ್ಟು ಮಾಡಿದರೆ ಅವಸರ ತಾನಾಗಿ ಹೋಗುತ್ತೆ ಅನ್ನೋದು ಕನ್ನಡದವರ ಅನುಭವ ಇರಬೇಕು.

ಸಾವಕಾಶ. ಧಾರವಾಡದ ಕಡೆಯ ಗೆಳೆಯರು ಬಳಸ್ತಾರೆ. ಅವಕಾಶ ಮಾಡಿಕೊಂಡು, ಜಾಗ ಬಿಟ್ಟುಕೊಂಡು. ಅದೇ ಗೆಳೆಯರು 'ಹಗೂರಕ' ಅಂತಲೂ ಅಂತಾರೆ, ಭಾರ ಇಳಿಸಿದ ಹಾಗೆ. ಸಿಕ್ಕಾಗ ಮೊದಲು ಕೇಳೋದೇ 'ಆರಾಮ ಇದ್ದೀರಿ?' ಅಂತ. ಈ ಆರಾಮ ಪಾರಸಿಯಿಂದ ಬಂದಿದ್ದು. ನಮ್ಮಮ್ಮನಿಗೆ ಪಾರಸಿ ಗೊತ್ತಿಲ್ಲ, ಆದರೆ ಆ ರಾತ್ರಿ ಅವಳ ಜೀವ ವಾಪಸ್ ತಂದಿದ್ದು ಆ ಪದವೇ. ಅಚ್ಚಗನ್ನಡವೇ ಬೇಕು ಅನ್ನೋ ಗೆಳೆಯರು ಸ್ವಲ್ಪ ಯೋಚಿಸಲಿ :-)

ನಿರಾಳ. ವಚನಗಳಲ್ಲಿ, ಅದರಲ್ಲೂ ಅಲ್ಲಮನಲ್ಲಿ ಇದು ಬಯಲು, ಶೂನ್ಯದ ಹತ್ತಿರದ ದೊಡ್ಡ ಮಾತು. ಇವತ್ತು ನಾವು ಸಾಲದ ಕಂತು ಕಟ್ಟಿ ಬಂದು 'ಅಬ್ಬಾ, ನಿರಾಳ' ಅಂತೀವಿ. ದೊಡ್ಡ ಪದವನ್ನ ಮನೆಗೆ ಕರೆತಂದು ಹೀಗೆ ಕೂರಿಸೋದು ನನಗಂತೂ ಇಷ್ಟ.

ತಣ್ಣಗೆ. 'ನಿನ್ನ ಹೊಟ್ಟೆ ತಣ್ಣಗಿರಲಿ' ಅಂದ್ರೆ ಇದಕ್ಕಿಂತ ದೊಡ್ಡ ಆಶೀರ್ವಾದ ಇಲ್ಲ. 'ಮೈ ತಣ್ಣಗಾಯ್ತು' ಅಂದ್ರೆ ಮುಗೀತು. 'ತಣ್ಣಗೆ ಕೂತು ಲೆಕ್ಕ ಹಾಕಿ ಮೋಸ ಮಾಡಿದ' ಅಂದ್ರೆ ಅವನಷ್ಟು ಕಟುಕ ಇಲ್ಲ. ಒಂದೇ ಪದ, ಹೊಟ್ಟೆಗೆ ಬೇಕು, ಮೈಗೆ ಬೇಡ.

ಕೊನೆಗೆ ಸುಮ್ಮನೆ. ಇದು ನಮ್ಮೂರಿನ ಪದ ಅಂತಲೇ ನನಗೆ ಹೆಮ್ಮೆ. ಬಸವನಗುಡಿಯ ಕಹಳೆ ಬಂಡೆ ಪಾರ್ಕಿನಲ್ಲಿ ಸಂಜೆ ಕೂತಿರೋ ರಿಟೈರ್ಡ್ ಮೇಷ್ಟರನ್ನ 'ಏನ್ ಸಾರ್ ಇಲ್ಲಿ?' ಅಂತ ಕೇಳಿ. 'ಏನಿಲ್ಲಪ್ಪ, ಸುಮ್ನೆ' ಅಂತಾರೆ. ಇದನ್ನ ಇಂಗ್ಲಿಷಿಗೆ ಮಾಡಿ ನೋಡೋಣ!

* * *

ಇಷ್ಟೆಲ್ಲ ಪಟ್ಟಿ ಮಾಡಿದ ಮೇಲೆ, 'ಇನ್ನೇನು, ಬಲಗಡೆಯ ಪದಗಳನ್ನ ಬದಲಾಯಿಸಿದರೆ ಆಯ್ತು' ಅಂದುಕೊಂಡೆ. ಕಂಪೋಸೆಡ್ಲಿಗೆ ಸಮಾಧಾನವಾಗಿ, ಇನ್ನೊಂದಕ್ಕೆ ನಿರಾಳವಾಗಿ... ಆದರೆ ಒಂದು ದಿನ ಬೆಳಿಗ್ಗೆ ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಕಾಯ್ತಾ ಕೂತಿದ್ದಾಗ ಆ ಲೆಕ್ಕವೂ ತಲೆಕೆಳಗಾಯ್ತು.

1943ರಿಂದ ಇರೋ ಹೋಟೆಲು, ನಿಮಗೆ ಹೇಳಬೇಕಾಗಿಲ್ಲ. ಅಲ್ಲಿ ಬಡಿಸುವವರು ಒಂದೇ ಕೈಯ ಮೇಲೆ ದೋಸೆ ತಟ್ಟೆಗಳನ್ನ ಒಂದರ ಮೇಲೊಂದು ಪೇರಿಸಿಕೊಂಡು ಬರೋದನ್ನ ನೋಡಿದ್ದೀರಲ್ಲ? ಜನ ತುಂಬಿದ್ದಾರೆ, ಬಾಗಿಲಲ್ಲಿ ಇನ್ನಷ್ಟು ಜನ ಕಾಯ್ತಿದ್ದಾರೆ. ಆತ ನಿಧಾನವಾಗಿ ನಡೀತಿಲ್ಲ. ಬಹಳ ಬೇಗ ನಡೀತಿದ್ದಾರೆ. ಆದರೆ ಮುಖದಲ್ಲಿ ಒಂದು ಗೆರೆ ಅಲುಗಾಡಲ್ಲ. ಇಂಗ್ಲಿಷಿನವನು ನೋಡಿದ್ದರೆ 'ಕಾಮ್ಲಿ' ಅಂತ ಬರೀತಿದ್ದ. ನಾನೇನು ಬರೀಲಿ? ನಿಧಾನವಾಗಿ ಅಂದ್ರೆ ಸುಳ್ಳು. ಶಾಂತವಾಗಿ ಅಂದ್ರೆ ಋಷಿಯ ಹಾಗಾಗುತ್ತೆ. ನಿರಾಳವಾಗಿ ಅಂದ್ರೆ ಕೈ ಮೇಲಿನ ತಟ್ಟೆಗಳಿಗೆ ಅವಮಾನ.

ಎದುರಿಗೆ ಕೂತಿದ್ದ ಯಾರೋ ಹಿರಿಯರು ಹೆಂಡತಿಗೆ ಹೇಳಿದರು: "ನೋಡು, ಒಂಚೂರೂ ಗಡಿಬಿಡಿ ಇಲ್ಲದೆ ಹೆಂಗೆ ತರ್ತಾನೆ."

ಗಡಿಬಿಡಿ ಇಲ್ಲದೆ! ಅಷ್ಟೇ.

ಆ 'ಇಲ್ಲದೆ'ಯನ್ನ ಹಿಡಿದುಕೊಂಡು ನೋಡಿದರೆ ಕನ್ನಡದ ಗುಟ್ಟು ಸಿಗುತ್ತೆ ಅನ್ನಿಸ್ತು. ಗಾಬರಿಯಾಗದೆ, ಆತುರಪಡದೆ, ಸಿಟ್ಟು ಮಾಡಿಕೊಳ್ಳದೆ, ತಲೆ ಕೆಡಿಸಿಕೊಳ್ಳದೆ, ಅಂಜದೆ ಅಳುಕದೆ, ನೋವಿಲ್ಲದೆ. ನಮ್ಮ ಭಾಷೆಯಲ್ಲಿ ಮನಸ್ಸು ಕದಡೋದಕ್ಕೆ ಎಷ್ಟು ಪದ ಇವೆ ನೋಡಿ: ಗಾಬರಿ, ಕಳವಳ, ತಳಮಳ, ಧಾವಂತ, ಗಡಿಬಿಡಿ, ತರಾತುರಿ, ಚಡಪಡಿಕೆ, ಉದ್ವೇಗ. ಒಂದರ ಹಾಗೆ ಇನ್ನೊಂದಿಲ್ಲ. ಅದಕ್ಕೇ ಕನ್ನಡದವನು ಒಬ್ಬ ಮನುಷ್ಯ ಕದಡದೆ ಇದ್ದ ಅಂತ ಹೇಳಬೇಕಾದರೆ, ಏನನ್ನ ಪಕ್ಕಕ್ಕಿಟ್ಟ ಅಂತ ಹೇಳ್ತಾನೆ. ಭಯವನ್ನೋ, ಸಿಟ್ಟನ್ನೋ, ಅವಸರವನ್ನೋ, ನೋವನ್ನೋ? 'ಕಾಮ್ಲಿ' ಅನ್ನೋದು ಇದನ್ನ ಕೇಳೋದೇ ಇಲ್ಲ.

ಸ್ಕೂಲಿನಲ್ಲಿ ನಮಗೆ ಕ್ರಿಯಾವಿಶೇಷಣ ಅಂತ ಹೇಳಿಕೊಟ್ಟರು. ಇಂಗ್ಲಿಷಿನಲ್ಲಿ ಬಾಲಕ್ಕೆ 'ಲಿ' ಅಂಟಿಸೋ ಹಾಗೆ ಕನ್ನಡದಲ್ಲಿ 'ಆಗಿ' ಅಂಟಿಸಿದರೆ ಆಯ್ತು ಅಂದುಕೊಂಡೆವು. ಆದರೆ ಆ 'ಆಗಿ' ಕೂಡ ಬಾಲವಲ್ಲ, 'ಆಗು' ಅನ್ನೋ ಕ್ರಿಯಾಪದವೇ. ಶಾಂತವಾಗಿ ಅಂದ್ರೆ 'ಶಾಂತ ಆಗಿ'. ನಿಜವಾಗಿ ಕೂಡ ಅಪ್ಪ ಶಾಂತ ಆಗಿಬಿಟ್ಟರು ಅಂತಲೇ ಅಮ್ಮ ಕೇಳಿಸಿಕೊಂಡಳು! ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಅವ್ಯಯಕ್ಕೆ ಅಂತ ಒಂದು ಪ್ರಕರಣ ಇಟ್ಟ. ಡಿ.ಎನ್. ಶಂಕರ ಭಟ್ಟರು 2000ದಲ್ಲಿ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಅಂತ ಪುಸ್ತಕದ ಹೆಸರಿನಲ್ಲೇ ಹೇಳಿದರು. ಅವರ ಎಲ್ಲ ಮಾತನ್ನೂ ನಾನು ಒಪ್ಪದೆ ಇರಬಹುದು. ಆದರೆ ಬೇರೆ ಭಾಷೆಯ ಅಚ್ಚಿಗೆ ಕನ್ನಡವನ್ನ ಸುರಿದರೆ ಏನಾಗುತ್ತೆ ಅನ್ನೋದು ನನಗೆ ಐಸಿಯು ಹೊರಗಿನ ಬೆಂಚಿನ ಮೇಲೆ ಗೊತ್ತಾಯ್ತು.

ಇನ್ನೊಂದು ಹೊಳೀತು. ಗೀತೆಯ ಎರಡನೇ ಅಧ್ಯಾಯದಲ್ಲಿ ಅರ್ಜುನ ಕೇಳೋದು ಕ್ರಿಯಾವಿಶೇಷಣದ ಪ್ರಶ್ನೆಯನ್ನೇ ಅಲ್ವಾ? ಸ್ಥಿತಪ್ರಜ್ಞ ಹೇಗೆ ಮಾತಾಡ್ತಾನೆ, ಹೇಗೆ ಕೂರ್ತಾನೆ, ಹೇಗೆ ನಡೀತಾನೆ ಅಂತ. 'ಕಾಮ್ಲಿ' ಅಂತ ಒಂದೇ ಪದದಲ್ಲಿ ಕೃಷ್ಣ ಮುಗಿಸಬಹುದಿತ್ತು. ಆದರೆ ಅವನು ಆ ಮನುಷ್ಯ ಏನೇನನ್ನ ಬಿಟ್ಟಿದ್ದಾನೆ ಅಂತ ಶುರು ಮಾಡ್ತಾನೆ. ಆಸೆಗಳನ್ನ ಬಿಟ್ಟು, ದುಃಖ ಬಂದಾಗ ಉದ್ವೇಗಗೊಳ್ಳದೆ, ಭಯವಿಲ್ಲದೆ, ಸಿಟ್ಟಿಲ್ಲದೆ. ಬಸವನಗುಡಿಯ ಡಿವಿಜಿಯವರು ಗೀತೆಯ ಮೇಲೆ ಬರೆದ ಪುಸ್ತಕಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಮನೆಯಲ್ಲಿ ಅಪ್ಪನ ಮಂಚದ ಪಕ್ಕ ಅದು ಯಾವಾಗಲೂ ಇರುತ್ತೆ. ನಾನು ಅದನ್ನ ವ್ಯಾಕರಣದ ಪುಸ್ತಕದ ಹಾಗೆ ಓದಿದ್ದು ಈ ಸಲವೇ ಮೊದಲು.

ಕತೆ ಬರೆಯೋ ಗೆಳೆಯರಿಗೂ ಒಂದು ಮಾತು. ಗವಿಪುರದಲ್ಲಿದ್ದ ಮಾಸ್ತಿಯವರನ್ನ ಓದಿ. 'ಚಿಕವೀರ ರಾಜೇಂದ್ರ'ದಲ್ಲಿ ಒಂದು ರಾಜ್ಯವೇ ಹಾಳಾಗುತ್ತೆ. ಅಷ್ಟು ಕ್ರೌರ್ಯವನ್ನ ಹೇಳುವಾಗಲೂ ಅವರ ದನಿ ಏರಲ್ಲ. ಆ ಸಮಾಧಾನ 'ಸಮಾಧಾನವಾಗಿ ಹೇಳಿದನು' ಅನ್ನೋ ಪದದಿಂದ ಬಂದಿದ್ದಲ್ಲ. ವಾಕ್ಯದ ನಡಿಗೆಯಲ್ಲೇ ಇದೆ.

* * *

ಇಲ್ಲಿಗೇ ನಿಲ್ಲಿಸಿದರೆ 'ಆಹಾ ನಮ್ಮ ಕನ್ನಡ' ಅಂತ ಬೆನ್ನು ತಟ್ಟಿಕೊಂಡ ಹಾಗಾಗುತ್ತೆ. ಆದರೆ ಅಮ್ಮ ಇದಕ್ಕೂ ಒಂದು ಏಟು ಕೊಟ್ಟಳು.

ಅಪ್ಪ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವಳಿಗೆ ಈ ಪದಗಳ ಕತೆಯೆಲ್ಲ ಹೇಳ್ತಾ ಇದ್ದೆ. ಸಮಾಧಾನ ಎಷ್ಟು ಚೆಂದದ ಪದ, ಸುಮ್ಮನೆ ಎಷ್ಟು ಚೆಂದದ ಪದ ಅಂತ. ಹುರುಳಿಕಾಯಿ ನಾರು ತೆಗೀತಾ ಕೇಳಿಸಿಕೊಂಡಳು. ಆಮೇಲೆ ಅಂದಳು:

"ನಿಂಗೆ ಚೆಂದ ಕಣೋ. ನಾನು ಈ ಮನೆಗೆ ಬಂದಾಗಿಂದ ಕೇಳಿದ್ದು ಎರಡೇ ಮಾತು. ಸುಮ್ನಿರು, ಸಮಾಧಾನ ಮಾಡ್ಕೋ."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ತಾನೇ? 'ಸುಮ್ನೆ ಕೂತಿದ್ದೀನಿ' ಅಂತ ಹೇಳೋ ಭಾಗ್ಯ ಪಾರ್ಕಿನ ಮೇಷ್ಟರಿಗಿದೆ. ಹೆಂಗಸರಿಗೆ ಸಿಕ್ಕಿದ್ದು 'ಸುಮ್ನೆ ಕೂತ್ಕೋ'. ಸಮಾಧಾನವಾಗಿ ಇರೋದು ಬೇರೆ, ಸಮಾಧಾನ ಮಾಡ್ಕೊಳ್ಳೋದು ಬೇರೆ. ಒಂದರಲ್ಲಿ ಮನಸ್ಸು ತಾನಾಗಿ ಕೂಡಿಕೊಂಡಿದೆ. ಇನ್ನೊಂದರಲ್ಲಿ ನಿನ್ನ ಮಾತನ್ನ ನುಂಗು ಅಂತ ಯಾರೋ ಹೇಳ್ತಿದ್ದಾರೆ. ನಿಘಂಟಿನಲ್ಲಿ ಇವೆರಡೂ ಒಂದೇ ಪದದ ಕೆಳಗೆ ಸಿಗ್ತವೆ. ಮನೆಯಲ್ಲಿ ಮಾತ್ರ ಒಂದು ಕೋಣೆಯಲ್ಲಿ ಅದು, ಇನ್ನೊಂದು ಕೋಣೆಯಲ್ಲಿ ಇದು.

ಆದ್ದರಿಂದ ನಾವು ಕತೆಯಲ್ಲೋ ಲೇಖನದಲ್ಲೋ 'ಅವಳು ಸಮಾಧಾನದಿಂದ ಕೇಳಿಸಿಕೊಂಡಳು' ಅಂತ ಬರೆಯುವಾಗ ಒಂದು ಕ್ಷಣ ನಿಲ್ಲಬೇಕು. ಅವಳಿಗೆ ಸಮಾಧಾನ ಇತ್ತಾ, ಅಥವಾ ಬಾಯಿ ಬಿಡೋ ಹಾಗಿರಲಿಲ್ಲವಾ? ಎರಡನೆಯದಾದರೆ 'ಏನೂ ಹೇಳದೆ' ಅಂತ ಬರೆಯಿರಿ. 'ತುಟಿ ಪಿಟಕ್ ಅನ್ನದೆ' ಅಂತ ಬರೆಯಿರಿ. ಓದುವವರಿಗೆ ಗೊತ್ತಾಗುತ್ತೆ.

* * *

ನನ್ನ ಅಭಿಪ್ರಾಯ ಇಷ್ಟೇ. ಇಂಗ್ಲಿಷಿನ ಈ ಪದಗಳು ಎದುರಾದಾಗ ಕನ್ನಡದಲ್ಲಿ ಯಾವ ಪದ ಅಂತ ಕೇಳೋದಕ್ಕಿಂತ ಮೊದಲು, ಅಲ್ಲಿ ಏನು ಇಲ್ಲ ಅಂತ ಕೇಳೋಣ. ಭಯ ಇಲ್ಲವೋ, ಸಿಟ್ಟಿಲ್ಲವೋ, ಆತುರ ಇಲ್ಲವೋ, ನೋವಿಲ್ಲವೋ? ಅದು ಗೊತ್ತಾದರೆ ಪದ ತಾನಾಗಿ ಬರುತ್ತೆ.

ಇದು ಸಾಹಿತ್ಯದ ಶೋಕಿ ಅಲ್ಲ. ಬೆಂಕಿ ಬಿದ್ದಾಗ ಏನು ಮಾಡಬೇಕು ಅಂತ ಗೋಡೆ ಮೇಲೆ ಅಂಟಿಸೋ ಸೂಚನೆಯನ್ನ ನಾನು 'ಶಾಂತವಾಗಿ ನಿರ್ಗಮಿಸಿ' ಅಂತ ಅನುವಾದ ಮಾಡಿದ್ದೇನೆ. ಹೊಗೆ ತುಂಬಿದ ಮೆಟ್ಟಿಲಿನಲ್ಲಿ ಯಾರಾದರೂ ಅದನ್ನ ಓದಿದರೆ ಅವರಿಗೆ ಏನು ತಿಳೀಬೇಕು? ಈಗಾಗಿದ್ದರೆ ಹೀಗೆ ಬರೀತಿದ್ದೆ: 'ಗಾಬರಿಯಾಗದೆ, ನೂಕದೆ, ಒಬ್ಬೊಬ್ಬರಾಗಿ ಹೊರಗೆ ಬನ್ನಿ.' ಮೂರು ಪದ ಜಾಸ್ತಿ ಆಗುತ್ತೆ. ಆಗಲಿ ಬಿಡಿ, ಗೋಡೆಯ ಮೇಲೆ ಜಾಗ ಇದೆ.

ಕಾಲೇಜಿನ ಹುಡುಗರು 'ಕೂಲಾಗಿ ಇರು ಮಗಾ' ಅಂತಾರಲ್ಲ, ಅದಕ್ಕೂ ನನ್ನ ವಿರೋಧ ಇಲ್ಲ. ಅಜ್ಜಿಯ 'ತಣ್ಣಗಿರು' ಬೇರೆ ಅಂಗಿ ಹಾಕಿಕೊಂಡು ಬಂದಿದೆ ಅಷ್ಟೇ. ಹುಡುಗರು ಅದನ್ನ ಎಲ್ಲಿ, ಯಾರ ಹತ್ತಿರ ಬಳಸಬೇಕು ಅಂತ ಸರಿಯಾಗಿ ಬಲ್ಲರು. ಗೊತ್ತಿಲ್ಲದೆ ಬಳಸಿದವನು ನಾನು.

ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು. ಅವರ ಎಂಟು ಸಂಪುಟದ ನಿಘಂಟಿನ ಹಿಂದೆ ದುಡಿದವರು ಪ್ರೊ. ಜಿ. ವೆಂಕಟಸುಬ್ಬಯ್ಯನವರು. 'ಇಗೋ ಕನ್ನಡ' ಅಂಕಣದಲ್ಲಿ ಯಾರು ಯಾವ ಪದದ ಬಗ್ಗೆ ಕೇಳಿದರೂ ಉತ್ತರ ಕೊಡ್ತಿದ್ದರು. 2021ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡರು. ಇದ್ದಿದ್ದರೆ ಈ ಕತೆಯನ್ನ ಅವರಿಗೆ ಬರೆದು ಕಳಿಸಬೇಕು ಅನ್ನಿಸ್ತು. ಈಗ ನಿಮ್ಮನ್ನೇ ಕೇಳ್ತಿದ್ದೀನಿ.

ನಿಮ್ಮ ಕಡೆ ಏನಂತೀರಿ? ಕುಂದಾಪುರದಲ್ಲಿ, ಕಾಸರಗೋಡಿನಲ್ಲಿ, ಬಳ್ಳಾರಿ ಬೀದರಿನಲ್ಲಿ? ಆಸ್ಪತ್ರೆಯಿಂದ ಫೋನ್ ಮಾಡಿ, ಮನೆಯಲ್ಲಿ ಕಾಯ್ತಿರೋ ಅಮ್ಮನಿಗೆ, ಅಪ್ಪ ನೋವಿಲ್ಲದೆ ಮಲಗಿದ್ದಾರೆ ಅಂತ ಹೇಳಬೇಕಾದರೆ ನಿಮ್ಮ ಬಾಯಲ್ಲಿ ಬರೋ ಮಾತು ಯಾವುದು? ದಯವಿಟ್ಟು ಬರೆಯಿರಿ. ನನ್ನ ಪಟ್ಟಿಯ ಬಲಗಡೆಯ ಕಾಲಂ ಸದ್ಯ ಖಾಲಿ ಇದೆ.

ಅಂದ ಹಾಗೆ, ಇದನ್ನ ಬರೆದು ಮುಗಿಸೋ ಹೊತ್ತಿಗೆ ಒಳಗೆ ಇಣುಕಿ ನೋಡಿ ಬಂದೆ. "ಅಪ್ಪ ಏನ್ಮಾಡ್ತಿದಾರೋ?" ಅಂತ ಅಡಿಗೆಮನೆಯಿಂದ ಅಮ್ಮ ಕೇಳಿದಳು.

"ಗೊರಕೆ ಹೊಡೀತಿದಾರಮ್ಮ."

"ಹೊಡೀಲಿ ಬಿಡು," ಅಂದಳು.